ಮುರಿಯಾಳಿಗೆ ಹೋಪ ಕೂಸು

ನಮ್ಮ ಬದಿಯ ಕೂಸುಗ ಹೊರದೇಶಕ್ಕೆ ಹೋಪದು ಈಗ ಹೊಸಾ ಸುದ್ದಿ ಅಲ್ಲ. ಸಿದ್ದಾಪುರ, ಶಿರಸಿ, ಯಲ್ಲಾಪುರ ಯಾವ ಬದಿಗೆ ಹೋಗಿ, ರಾತ್ರೆ ಊಟ ಮುಗಿದ ಮೇಲೆ ಫೋನಿನ ಎದುರಿಗೆ ಕೂತ್ಗಂಡು "ಅಲ್ಲಿ ಈಗ ಎಷ್ಟು ಗಂಟೆ" ಹೇಳಿ ಕೇಳ ಮನೆ ಊರಿಗೆ ಒಂದಾದ್ರೂ ಇದ್ದು. ಇಂಜಿನಿಯರಿಂಗ್ ಓದಿದ ಕೂಸು ಹೋತು ಹೇಳಿರೆ ಎಲ್ಲರ ಮುಖದಲ್ಲೂ ಕಳೆ. ಅದೇ ಕೂಸು ಮನಶ್ಶಾಸ್ತ್ರ ಓದಲೆ ಹೋಗ್ತು ಹೇಳಿ ನೋಡಿ. "ಹೌದಾ" ಹೇಳ ಒಂದು ಮಾತು ಬತ್ತು. ಕಡಿಗೆ ಬಾಯಿಗೆ ಕವಳ ಹಾಕ್ಯಂಡು ಸುಮ್ನಾಗ್ತ.

ಯನ್ನ ತಮ್ಮನ ಮಗಳು ಬೆಂಗಳೂರಲ್ಲಿ ಅನ್ವಯಿಕ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಓದ್ತಾ ಇದ್ದು. ಅದರ ಕಾಲೇಜಿನವು ಒಂದು ಸೆಮಿಸ್ಟರಿಗೆ ಎಕ್ಸ್‌ಚೇಂಜ್ ಮೇಲೆ ಜರ್ಮನಿಗೆ ಕಳಸ್ತ. ಅಕ್ಟೋಬರಿಗೆ ಹೋದ್ರೆ ಫೆಬ್ರವರಿಲಿ ಪಾಠ ಮುಗೀತು, ಮಾರ್ಚಿಗೆ ವಾಪಸ್. ಈ ಸುದ್ದಿ ಗೊತ್ತಾದ ಮೇಲೆ ಯನ್ನ ಕಿವಿಗೆ ಬಿದ್ದ ಮಾತು ಒಂದೆರಡಲ್ಲ. "ಹುಚ್ಚರ ಡಾಕ್ಟರಾಗ್ತಡಾ?" ಹೇಳಿ ಒಬ್ರು. "ನಾಳೆ ಅದಕ್ಕೊಂದು ಗಂಡು ಸಿಕ್ಕವಾ ಬ್ಯಾಡದಾ?" ಹೇಳಿ ಮತ್ತೊಬ್ರು. ಯನ್ನ ಆಯಿ ಮಾತ್ರ ಬೇರೆಯೇ ಕೇಳ್ಚು: "ಮನಸ್ಸಿನ ಬಗ್ಗೆ ಓದಲೆ ಜರ್ಮನಿಗೆ ಎಂತಕ್ಕೆ ಹೋಗವು? ಮನಸ್ಸು ಅಲ್ಲಿ ಮಾತ್ರ ಇದ್ದಾ?"

ಉಳಿದವರಿಗೆ ಉತ್ತರ ಹೇಳಲೆ ಐದು ನಿಮಿಷ ಸಾಕು. ಆಯಿಯ ಪ್ರಶ್ನೆ ದೊಡ್ಡದು. ಅದಕ್ಕಾಗಿಯೇ ಇಷ್ಟುದ್ದ ಬರೀತಾ ಇದ್ದಿ.

ಹುಚ್ಚರ ಡಾಕ್ಟರ್ ಹೇಳ ಮಾತು ಮೊದಲು ಮುಗಿಸ್ತಿ. ಮನೋವೈದ್ಯರು ಹೇಳಿರೆ ಎಂಬಿಬಿಎಸ್ ಮಾಡಿ, ಕಡಿಗೆ ಮನಸ್ಸಿನ ಕಾಯಿಲೆ ಬಗ್ಗೆ ಓದಿದವು. ಅವು ಗುಳಿಗೆ ಬರದು ಕೊಡ್ತ. ಈ ಕೂಸು ಓದದು ಅದಲ್ಲ. ಮನಸ್ಸು ಹ್ಯಾಂಗೆ ಕೆಲ್ಸ ಮಾಡ್ತು ಹೇಳದನ್ನ ತಿಳ್ಕಂಡು ದಿನದ ಬದುಕಿಗೆ ಹೊಂದಸ ವಿದ್ಯೆ ಇದು. ಒಂದು ಮಗು ಶಾಲೆಲಿ ಎಂತಕ್ಕೆ ಹಿಂದೆ ಬಿತ್ತು, ಬಸ್ಸು ಓಡಸವಂಗೆ ಯಾವಾಗ ಗಮನ ತಪ್ಪತು, ವಯಸ್ಸಾದವು ಮರೆತದ್ದನ್ನೇ ಮತ್ತೆ ಮತ್ತೆ ಕೇಳಿರೆ ಮನೆಯವು ಹ್ಯಾಂಗೆ ನಡಕಳವು, ಇದೆಲ್ಲಾ ಅದರಲ್ಲಿ ಬತ್ತು. ನೂರು ವರ್ಷಕ್ಕೂ ಹಿಂದೆ ಹ್ಯೂಗೋ ಮನ್‌ಸ್ಟರ್‌ಬರ್ಗ್ ಹೇಳ ಜರ್ಮನ್ ಪಂಡಿತರು ಅಮೇರಿಕದ ಹಾರ್ವರ್ಡಿನಲ್ಲಿ ಇದ್ಗಂಡು, ಟ್ರಾಮ್ ಓಡಸಲೆ ಎಂಥವರನ್ನ ಆರಿಸವು ಹೇಳಿ ಪರೀಕ್ಷೆ ಮಾಡಿದ್ದ. ಅವರ ಕೈಲಿ ಕಲಿತ ಬಂಗಾಳದ ನರೇಂದ್ರನಾಥ ಸೇನ್‌ಗುಪ್ತ ವಾಪಸ್ ಬಂದು ಕಲ್ಕತ್ತಾದಲ್ಲಿ ನಮ್ಮ ದೇಶದ ಮೊದಲನೇ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದು.

ಇನ್ನು ಹುಚ್ಚರ ಡಾಕ್ಟರೇ ಆದ್ರೂ ಎಂತ ಆತು? ಹಾರ್ಟಿನ ಡಾಕ್ಟರು ಹೇಳಿರೆ ಜಾತಕ ತಗಂಡು ಸಾಲಲ್ಲಿ ನಿಂತ್ಗತ್ತ. ಮನಸ್ಸಿನ ಡಾಕ್ಟರು ಹೇಳಿರೆ ಹಿಂದೆ ಸರೀತ. ಹಾರ್ಟು ಇಪ್ಪದು ಎಲ್ಲರ ಮನೇಲಿ, ಮನಸ್ಸು ಇಪ್ಪದು ಆಚೆಮನೇಲಿ ಮಾತ್ರ ಹೇಳಿ ಲೆಕ್ಕ ಕಾಣ್ತು.

ಈಗ ಎಕ್ಸ್‌ಚೇಂಜ್ ಹೇಳ ಶಬ್ದ. ತಮ್ಮ ಯಂಗೆ ಇದನ್ನ ಅರ್ಧ ಗಂಟೆ ವಿವರಿಸ್ದ. ಒಪ್ಪಂದ, ಕ್ರೆಡಿಟ್ಟು, ಪಾಲುದಾರ ವಿಶ್ವವಿದ್ಯಾಲಯ, ಎಂತೆಂತದೋ. ಎಲ್ಲಾ ಕೇಳ್ಕಂಡು ಆನು ಹೇಳ್ದಿ, "ಇದು ಮುರಿಯಾಳಲ್ದನಾ, ಇದಕ್ಕೆ ಇಷ್ಟೆಲ್ಲಾ ಎಂತಕ್ಕೆ?" ಅಂವ ನೆಗೆಯಾಡ್ದ. ಆದ್ರೆ ಅಲ್ಲ ಹೇಳಲೆ ಅವಂಗೂ ಬಂಜಿಲ್ಲೆ.

ಮುರಿಯಾಳು, ಮುಯ್ಯಾಳು ಹೇಳಿಯೂ ಹೇಳ್ತ, ಈಗಿನ ಮಕ್ಕಳಿಗೆ ಗೊತ್ತಿಪ್ಪದು ಕಷ್ಟ. ಇವತ್ತು ಆನು ನಿಮ್ಮನೆ ಅಡಿಕೆ ಸುಲಿಯಲೆ ಬತ್ತಿ, ನಾಳೆ ನಿಂಗ ನಮ್ಮನೆಗೆ ಬರವು. ದುಡ್ಡಿನ ಮಾತಿಲ್ಲೆ, ಆಳಿಗೆ ಆಳು. ಹಲಸಿನಕಾಯಿ ಹಪ್ಪಳದ ಕಾಲದಲ್ಲಿ ನಂಗ ಹೆಂಗಸ್ರು ಮಾಡ್ತಾ ಬಂದದ್ದೂ ಇದನ್ನೇ. ಕೂಸಿನ ಎಕ್ಸ್‌ಚೇಂಜೂ ಹಾಂಗೇ. ಫೀಯನ್ನ ಅದು ಇಲ್ಲಿಯ ಕಾಲೇಜಿಗೇ ಕಟ್ತು, ಅಲ್ಲಿ ಪಾಠಕ್ಕೆ ಬೇರೆ ಫೀ ಇಲ್ಲೆ. ಅಲ್ಲಿಯ ವಿದ್ಯಾರ್ಥಿ ಇಲ್ಲಿಗೆ ಬಂದ್ರೂ ಅದೇ ಲೆಕ್ಕ. ಯೂರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ವರ್ಷಕ್ಕೆ 60. ಅಲ್ಲಿ ಓದಿದ್ದರಲ್ಲಿ ಯಾವುದು ಇಲ್ಲಿಯ ಅಂಕಪಟ್ಟಿಗೆ ಸೇರ್ತು ಹೇಳದನ್ನ ಹೋಪ ಮುಂಚೆಯೇ ಎರಡೂ ಬದಿಯಿಂದ ಬರೆಸಿ ಸಹಿ ಹಾಕಿಸ್ಕಳವು. ಇಲ್ದಿದ್ರೆ ವಾಪಸ್ ಬಂದ ಮೇಲೆ ಅದೇ ಪಾಠಕ್ಕೆ ಮತ್ತೆ ಕೂರ ಪರಿಸ್ಥಿತಿ. ಮಕ್ಕಳನ್ನ ಕಳಸವು ಈ ಒಂದು ಕಾಗದ ಮಾತ್ರ ಮರೆಯಲಾಗ.

ಖರ್ಚೇ ಇಲ್ಲೆ ಹೇಳಿ ಅಲ್ಲ. ಜರ್ಮನಿಯ ವೀಸಾ ಸಿಕ್ಕವು ಹೇಳಿರೆ ಕೂಸಿನ ಹೆಸರಲ್ಲಿ ಒಂದು ಖಾತೆ ಮಾಡಿ, ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಮುಂಚೆಯೇ ಇಟ್ಟು ತೋರಿಸವು. ವರ್ಷದ ಲೆಕ್ಕ 11,904 ಯೂರೋ. ಆರು ತಿಂಗಳಿಗೆ 5,952, ನಮ್ಮ ರೂಪಾಯಿಲಿ ಐದು ಲಕ್ಷ ದಾಟ್ತು. ಆದ್ರೆ ಅದು ಯಾರಿಗೋ ಕೊಟ್ಟ ದುಡ್ಡಲ್ಲ. ತಿಂಗಳು ತಿಂಗಳು ಅದರ ಊಟಕ್ಕೆ, ಬಾಡಿಗೆಗೆ ಅದಕ್ಕೇ ವಾಪಸ್ ಬತ್ತು. ವಿಮಾನದ ಟಿಕೀಟು, ಚಳಿಗಾಲದ ಕೋಟು, ವಿಮೆ ಬೇರೆ. ಎರಡು ವರ್ಷದ ಡಿಗ್ರಿಗೆ ಹೇಳಿ ತೋಟದ ಕಾಗದ ಬ್ಯಾಂಕಲ್ಲಿ ಇಡದಕ್ಕಿಂತ ಇದು ಹಗುರ. ನಮ್ಮ ಬದಿಯ ಒಂದು ಮದುವೇಲಿ ಮೂರು ದಿನದ ಊಟ, ಚಪ್ಪರ, ಫೋಟೋಕ್ಕೆ ಎಷ್ಟಾಗ್ತು ಹೇಳದನ್ನ ಆನು ಇಲ್ಲಿ ಬರೆಯದಿಲ್ಲೆ. ನಿಂಗಕ್ಕೆ ಗೊತ್ತಿದ್ದು.

ಮುರಿಯಾಳಿಗೆ ಒಂದು ಕ್ರಮ ಇತ್ತು. ಅಡಿಕೆ ಸುಲಿಯಲೆ ಹೋಪವು ತಮ್ಮ ಮೆಟ್ಟುಗತ್ತಿ ತಾವೇ ತಗಂಡು ಹೋಗ್ತಿದ್ದ. ಹೋದ ಮನೇಲಿ ಕತ್ತಿ ಕೇಳದು ಮರ್ಯಾದೆ ಅಲ್ಲ. ಅಷ್ಟೇ ಅಲ್ದೆ, ಕೈಗೆ ಹೊಂದಿದ ಕತ್ತಿ ಇಲ್ದಿದ್ರೆ ಕೆಲ್ಸ ಸಾಗ್ತಿಲ್ಲೆ. ನಮ್ಮ ಕೂಸು ಜರ್ಮನಿಗೆ ಹೋಪಕಾದ್ರೆ ಅದರ ಕೈಲಿ ಇಪ್ಪ ಮೆಟ್ಟುಗತ್ತಿ ಯಾವುದು? ಯಂಗೆ ಕೇಳಿರೆ, ನಮ್ಮ ಮನೆಗಳ ಒಳಗಿನ ಸುದ್ದಿ ಮತ್ತೆ ಅದನ್ನ ಹೇಳ ನಮ್ಮ ಮಾತು. ಬೇರೆ ಎಂತದೂ ಅಲ್ಲಿಯವರ ಹತ್ರ ಇದ್ದು. ಇದು ಇಲ್ಲೆ.

ಇಲ್ಲಿಗೆ ಆಯಿಯ ಪ್ರಶ್ನೆ ಬಂತು. ಮನಸ್ಸು ಎಲ್ಲಾ ಕಡೆ ಇದ್ದು, ಸರಿ. ಅದನ್ನ ಪ್ರಯೋಗಶಾಲೆಲಿ ಇಟ್ಟು ಅಳೆಯ ವಿದ್ಯೆ ಶುರುವಾದ್ದು ಮಾತ್ರ ಜರ್ಮನಿಯ ಲೈಪ್‌ಜಿಗ್ ಊರಲ್ಲಿ. ವಿಲ್‌ಹೆಲ್ಮ್ ವುಂಟ್ ಹೇಳವು 1879ರಲ್ಲಿ ಅಲ್ಲಿ ಮೊದಲನೇ ಪ್ರಯೋಗಶಾಲೆ ಮಾಡಿದ. ಮೊದಲು ಹೇಳಿದ ಟ್ರಾಮಿನ ಮನ್‌ಸ್ಟರ್‌ಬರ್ಗ್ ಅವರ ಶಿಷ್ಯನೇ. ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಹೇಳವು ಸೈನ್ಯದ ಕೆಲ್ಸ ಬಿಟ್ಟು ಇದೇ ವುಂಟ್ ಹತ್ರ ಓದಲೆ ಹೋಗಿ, 1906ರಲ್ಲಿ ಡಾಕ್ಟರೇಟ್ ತಗಂಡು ಲಂಡನ್ನಿಗೆ ವಾಪಸ್ ಬಂದ. ಆ ಸ್ಪಿಯರ್‌ಮನ್ ಹತ್ರ ಓದಿದವು ನಮ್ಮ ಮೈಸೂರಿನ ಎಂ. ವಿ. ಗೋಪಾಲಸ್ವಾಮಿ. ಗುರುವಿನ ಗುರು ಲೈಪ್‌ಜಿಗ್ಗಿನವ್ವು. ನಮ್ಮಲ್ಲಿ ಯಕ್ಷಗಾನದ ಭಾಗವತರದ್ದು ಹೇಳ್ತ್ಯಲಿ, ಇಂಥವರ ಶಿಷ್ಯ, ಅವರ ಶಿಷ್ಯ ಹೇಳಿ, ಅದೇ ನಮೂನೆ.

ಗೋಪಾಲಸ್ವಾಮಿ ಲಂಡನ್ನಿಂದ ಬಂದವು ಅಲ್ಲಿ ಕಲಿತದ್ದನ್ನೇ ಹೇಳಿ ಕೂತಿದ್ದಿಲ್ಲೆ. 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದ. ದೇಶದಲ್ಲೇ ಮೊದಮೊದಲಿನ ವಿಭಾಗಗಳಲ್ಲಿ ಅದೊಂದು. ಪರದೇಶದ ಬುದ್ಧಿಪರೀಕ್ಷೆಗಳನ್ನ ನಮ್ಮ ಜನಕ್ಕೆ ಹೊಂದಸ ಕೆಲ್ಸ ಮಾಡಿದ. ಇದಲ್ದೆ 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಸಣ್ಣ ರೇಡಿಯೋ ಕೇಂದ್ರ ಹಚ್ಚಿದ. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಕ್ಕೇ ಆ ಹೆಸರಾತು. ಧಾರವಾಡ ಕೇಂದ್ರದ ಹಾಡು ಕೇಳ್ತಾ ಒಗ್ಗರಣೆ ಹಾಕಿದವು ನಂಗ. ಆ ಹೆಸರಿನ ಹಿಂದೆ ಮನಶ್ಶಾಸ್ತ್ರದ ಮೇಷ್ಟ್ರು ಇದ್ದ ಹೇಳಿ ಈ ಕೂಸು ಹೇಳಿದ ಮೇಲೇ ಯಂಗೆ ಗೊತ್ತಾದ್ದು.

ಇನ್ನೊಂದು ಸುದ್ದಿ ನಮಗೆ ಮತ್ತೂ ಹತ್ರದ್ದು. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಹೇಳವು 1905ರಲ್ಲಿ ಮಕ್ಕಳ ಬುದ್ಧಿ ಅಳೆಯ ಪರೀಕ್ಷೆ ಮಾಡಿದ. ಅಮೇರಿಕದವು ಅದನ್ನ ತಮಗೆ ಬೇಕಾದಾಂಗೆ ತಿದ್ದಿಕಂಡ. 1930ರ ದಶಕದಲ್ಲಿ ವಿ. ವಿ. ಕಾಮತ್ ಹೇಳವು ಅದನ್ನ ಕನ್ನಡ ಮತ್ತೆ ಮರಾಠಿ ಮಾತಾಡ ಮಕ್ಕಳಿಗೆ ಹೊಂದಿಸಿದ. ಬಿನೆ-ಕಾಮತ್ ಪರೀಕ್ಷೆ ಹೇಳಿ ಈಗಲೂ ಆಸ್ಪತ್ರೆಗಳಲ್ಲಿ ಬಳಸ್ತ. ಬುದ್ಧಿ ಬೆಳವಣಿಗೆ ನಿಧಾನ ಇಪ್ಪ ಮಗುವಿಗೆ ಸರ್ಕಾರದ ಸರ್ಟಿಫಿಕೇಟು ಬೇಕು ಹೇಳಿ ಹೋದವಕ್ಕೆ ಈ ಹೆಸರು ಕೇಳಿ ಗೊತ್ತಿಕ್ಕು.

ಹೊಂದಸದು ಎಂತಕ್ಕೆ ಹೇಳಿ ಕೇಳ್ತ್ರಾ? ಹಿಮದಲ್ಲಿ ಜಾರ ಬಂಡಿಯ ಚಿತ್ರ ತೋರಿಸಿ ನಿಲ್ಕುಂದದ ಮಗುವಿಗೆ "ಇದೆಂತದು" ಕೇಳಿರೆ ಅದು ಸುಮ್ನೆ ಕೂರ್ತು. ಕೊನೆ ಕೊಯ್ಯ ದೋಟಿ ತೋರಿಸಿ ಅಲ್ಲಿಯ ಮಗುವಿಗೆ ಕೇಳಿರೆ ಅದೂ ಸುಮ್ನೆ ಕೂರ್ತು. ಎರಡೂ ದಡ್ಡ ಅಲ್ಲ. ಇದು ಮಕ್ಕಳದ್ದಾತು, ದೊಡ್ಡವರ ಸುದ್ದಿ ಇನ್ನೂ ಮೋಜಿದ್ದು. ಮನಶ್ಶಾಸ್ತ್ರದ ದೊಡ್ಡ ಪತ್ರಿಕೆಗಳಲ್ಲಿ ಬಂದ ಅಧ್ಯಯನ ಎಲ್ಲಾ ಲೆಕ್ಕ ಹಾಕಿ, ಅದರಲ್ಲಿ ಪರೀಕ್ಷೆಗೆ ಕೂತ ನೂರಕ್ಕೆ 96 ಜನ, ಪ್ರಪಂಚದ ಜನಸಂಖ್ಯೆಲಿ ಬರೀ 12 ಪಾಲು ಇಪ್ಪ ದೇಶದವು ಹೇಳಿ 2008ರಲ್ಲಿ ಒಬ್ಬರು ಬರದಿದ್ದ. ಹೇಳಿರೆ, ಮನುಷ್ಯರ ಮನಸ್ಸು ಹಿಂಗೆ ಹೇಳಿ ಪುಸ್ತಕದಲ್ಲಿ ಇಪ್ಪದು ಹೆಚ್ಚಿಂದೂ ಅವರ ಮನೆಯ ಮನಸ್ಸು. ನಮ್ಮನೆಯದ್ದಲ್ಲ.

ಒಂದು ಉದಾಹರಣೆ ಹೇಳ್ತಿ. ತನ್ನ ಬಗ್ಗೆ ತನಗೆ ಎಷ್ಟು ಗೌರವ ಇದ್ದು ಹೇಳಿ ಅಳೆಯಲೆ ಹತ್ತು ವಾಕ್ಯದ ಒಂದು ಪಟ್ಟಿ ಇದ್ದು. ರೋಸೆನ್‌ಬರ್ಗ್ ಹೇಳವು 1965ರಲ್ಲಿ ಮಾಡಿದ್ದು, ಪ್ರಪಂಚ ಎಲ್ಲಾ ಬಳಸ್ತ. ಕೂಸು ಅದನ್ನ ನಮ್ಮ ಮಾತಿಗೆ ತಿರುಗಿಸಿ ಯಂಗೆ ಓದಿ ಹೇಳ್ಚು. ಯನ್ನಲ್ಲಿ ಒಳ್ಳೆ ಗುಣ ಸುಮಾರಿದ್ದು ಹೇಳಿ ಒಂದು ಇದ್ದು, ಯನ್ನಿಂದ ಎಂತಕ್ಕೂ ಉಪಯೋಗ ಇಲ್ಲೆ ಹೇಳ ನಮೂನೆದು ಇನ್ನೊಂದು. ಒಪ್ಪತ್ಯಾ ಇಲ್ಯಾ ಹೇಳವು. ಈಗ ನಿಂಗಳೇ ಹೇಳಿ, ನಮ್ಮಲ್ಲಿ ಯಾವ ಹೆಂಗಸು "ಹೌದು, ಯನ್ನಲ್ಲಿ ರಾಶಿ ಒಳ್ಳೆ ಗುಣ ಇದ್ದು" ಹೇಳಿ ಹೇಳ್ತು? ನೂರು ಜನಕ್ಕೆ ಬಡಿಸಿ ಸೈ ಅನಿಸಿಕಂಡ ಅತ್ತಿಗೆ ಕೂಡಾ "ಯಂಗೆಂತ ಬತ್ತು, ಹಾಂಗೇ ಎಂತೋ ಒಂದು ಮಾಡಿದ್ದಿ" ಹೇಳೇ ಹೇಳ್ತು. ಅದು ಮರ್ಯಾದೆ. ತೊಡದೇವು ಎರೆಯದ್ರಲ್ಲಿ ತನಗೆ ಸಮ ಯಾರೂ ಇಲ್ಲೆ ಹೇಳಿ ಅದಕ್ಕೆ ಒಳಗೆ ಗೊತ್ತಿದ್ದು. ಪಟ್ಟಿಲಿ ಮಾತ್ರ ಅದಕ್ಕೆ ಮಾರ್ಕು ಕಡಿಮೆ ಬಿತ್ತು, ಪಾಪ, ಆತ್ಮಗೌರವ ಇಲ್ಲೆ ಹೇಳಿ ಬರದು ಬಿಡ್ತ.

ಹಾಂಗಂತ ನಮ್ಮ ಹೆಂಗಸ್ರಿಗೆ ಕಷ್ಟವೇ ಇಲ್ಲೆ, ಎಲ್ಲಾ ಮರ್ಯಾದೆ ಮಾತು ಹೇಳಿ ಅಲ್ಲ. ತಿರುಗುಮುರುಗೂ ಇದ್ದು. ಮನಸ್ಸು ಸರಿ ಇಲ್ಲದ್ದನ್ನ ನಂಗ ಮೈಮೇಲೆ ಹಾಕಿ ಹೇಳ್ತ್ಯ. ತಲೆ ಭಾರ, ಎದೆಉರಿ, ಬೆನ್ನು ನೋವು, ಕಾಲು ಸೆಳೆತ. ದುಃಖ ಆಗ್ತಾ ಕೇಳಿರೆ ಇಲ್ಲೆ. ನಿದ್ದೆ ಬತ್ತಾ ಕೇಳಿರೆ, "ಅದೆಲ್ಲಿ ಬತ್ತು ಮಾರಾಯ್ತಿ" ಹೇಳಿ ಶುರು.

ಮೇ ತಿಂಗಳ ರಜೆಲಿ ಕೂಸು ನಮ್ಮನೇಲಿ ಹತ್ತು ದಿನ ಇತ್ತು. ಅದರ ಒಂದು ಪ್ರಾಜೆಕ್ಟಿಗೆ ನಲವತ್ತೈದು ದಾಟಿದ ಹೆಂಗಸ್ರ ನಿದ್ದೆ ಮತ್ತೆ ಚಿಂತೆ ಬಗ್ಗೆ ಕೇಳವಾಗಿತ್ತು. ಜಗಲಿಲಿ ಕುರ್ಚಿ ಹಾಕಿ, ಕಾಗದ ಪೆನ್ನು ಹಿಡಕಂಡು ಕೂತ್ಗತ್ತು. ಬಂದವು ಸೀರೆ ಸೆರಗು ಸರಿ ಮಾಡ್ಕಂಡು, ಎಲ್ಲಾ ಪ್ರಶ್ನೆಗೂ "ಯಂಗೆಂತ ಆಜು, ಎಲ್ಲಾ ಚೊಲೋ ಇದ್ದು" ಹೇಳಿ ಎದ್ದು ಹೋಪದು. ಮೂರು ದಿನ ಹಿಂಗೇ ಆತು. ನಾಲ್ಕನೇ ದಿನ ಹಪ್ಪಳಕ್ಕೆ ಹಲಸಿನಕಾಯಿ ಬಿಡಸಲೆ ಅದೇ ಹೆಂಗಸ್ರು ನಮ್ಮನೆ ಹಿತ್ಲಾಕಡಿಗೆ ಸೇರಿದ್ದ. ಕೈಗೆ ಎಣ್ಣೆ ಹಚ್ಚಿಕಂಡು ಕೂತ ಮೇಲೆ, ಯಾರೂ ಕೇಳದೇ, ಒಬ್ಬೊಬ್ಬರದ್ದೂ ಹೊರಗೆ ಬಂತು. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಹದಿನಾಲ್ಕು ಅಂಕಣದ ಮನೇಲಿ ಗಂಡ ಹೆಂಡತಿ ಎರಡೇ ಜನ, ರಾತ್ರೆ ಎರಡು ಗಂಟೆಗೆ ಎಚ್ಚರಾದ್ರೆ ಮಳೆ ಶಬ್ದ ಕೇಳ್ತಾ ಬೆಳಗು ಮಾಡ ಸುದ್ದಿ. ಮಗಂಗೆ ಮೂವತ್ತೆಂಟಾದ್ರೂ ಮದುವೆ ಆಜಿಲ್ಲೆ, ಹೆಣ್ಣು ಕೇಳಲೆ ಹೋದ ಮನೇಲಿ ತೋಟ ಮಾಡವಂಗೆ ಕೊಡ್ತ್ಯಿಲ್ಲೆ ಹೇಳಿ ಮುಖಕ್ಕೇ ಹೇಳಿದ ಸುದ್ದಿ. ಕೊಳೆ ಬಂದು ಅರ್ಧ ಅಡಿಕೆ ಉದುರಿದ ವರ್ಷ ಗಂಡ ಮಾತೇ ಬಿಟ್ಟ ಸುದ್ದಿ.

ಕೂಸು ಒಂದು ಶಬ್ದ ಬರೆದಿದ್ದಿಲ್ಲೆ. ತಾನೂ ಸೊಳೆ ಬಿಡಸ್ತಾ ಕೂತಿತ್ತು. ರಾತ್ರೆ ಯಂಗೆ ಹೇಳ್ಚು, "ಅತ್ತೆ, ಎದುರಾಎದುರು ಕೂತು ಕೇಳಿರೆ ನಮ್ಮಲ್ಲಿ ಯಾರೂ ಹೇಳ್ತ್ವಿಲ್ಲೆ. ಕೈಗೆ ಕೆಲ್ಸ ಇರವು, ಕಣ್ಣು ಕೆಲ್ಸದ ಮೇಲಿರವು, ಆವಾಗ ಬಾಯಿ ಬಿಡ್ತ. ಇದನ್ನ ಯಾವ ಪುಸ್ತಕದಲ್ಲೂ ಆನು ಓದಿದ್ದಿಲ್ಲೆ. ಅಲ್ಲಿ ಹೋದ ಮೇಲೆ ಕ್ಲಾಸಲ್ಲಿ ಹೇಳ್ತಿ." ಅದನ್ನೇ ಆನು ಮೆಟ್ಟುಗತ್ತಿ ಹೇಳಿದ್ದು.

ಮತ್ತೊಂದು. ಆ ಹೆಂಗಸ್ರು ಹೇಳಿದ್ದರಲ್ಲಿ ಒಂದನ್ನೂ ಅದು ಪ್ರಾಜೆಕ್ಟಿಗೆ ಹಾಕಿದ್ದಿಲ್ಲೆ. ಎಂತಕ್ಕೆ ಕೇಳಿರೆ, ಅವು ಬರಕಳಲೆ ಒಪ್ಪಿಗೆ ಕೊಟ್ಟಿದ್ವಿಲ್ಲೆ ಹೇಳ್ಚು. ಈ ಓದಿನಲ್ಲಿ ಅದು ದೊಡ್ಡ ನಿಯಮ. ಎಂತಕ್ಕೆ ಕೇಳ್ತಾ ಇದ್ದಿ ಹೇಳಿ ಮೊದಲು ತಿಳಿಸವು, ಒಪ್ಪಿಗೆ ಕಾಗದಕ್ಕೆ ಸಹಿ ಬೇಕು, ಬ್ಯಾಡ ಅನಿಸಿದ್ರೆ ಅರ್ಧದಲ್ಲಿ ಎದ್ದು ಹೋಪಲೆ ಅಕ್ಕು, ಹೆಸರು ಎಲ್ಲೂ ಬಪ್ಪಲಾಗ. ಕುರ್ಚಿಲಿ ಕೂತು ಉತ್ತರ ಕೊಟ್ಟವರಲ್ಲಿ ಒಬ್ಬರ ಬಗ್ಗೆ ಯಂಗೇ ಕುತೂಹಲ ಇತ್ತು, ಅವು ಎಂತ ಹೇಳ್ದ ಕೇಳ್ದಿ. "ಅದನ್ನ ಹೇಳಲೆ ಬತ್ತಿಲ್ಲೆ ಅತ್ತೆ" ಹೇಳ್ಚು. ಯಂಗೆ ಒಂಚೂರು ಸಿಟ್ಟು ಬಂತು. ಹಾಲು ಕುಡಿಸಿ ಬೆಳೆಸಿದ ಕೂಸು ಯಂಗೇ ಹೇಳ್ತಿಲ್ಲೆ! ಕಡಿಗೆ ಅನಿಸ್ತು, ಇಡೀ ಊರಲ್ಲಿ ಮಾತು ಹೊಟ್ಟೆಲಿ ಇಟ್ಗಂಬ ಜನ ಇದೊಂದೇ ಇಕ್ಕು.

ಹೊರದೇಶಕ್ಕೆ ಹೋಪದ್ರಿಂದ ಎಂತ ಬತ್ತು ಹೇಳಲೆ ಒಂದು ಹಳೇ ಸುದ್ದಿ ಹೇಳವು. ಮೂವತ್ತು ವರ್ಷದ ಹಿಂದಿಂದು. ನಮ್ಮ ಬದಿಯ ಒಂದು ಮನೆಗೆ ಮಗಳು ಬಾಣಂತನಕ್ಕೆ ಬಂದಿತ್ತು. ಮನೆ ಯಾವುದು ಹೇಳಿ ಕೇಳಡಿ. ಮಗು ಗುಂಡುಗುಂಡಗೆ ಚೊಲೋ ಇತ್ತು. ತಾಯಿ ಮಾತ್ರ ಮಗುವಿನ ಮುಖ ನೋಡ್ತಿತ್ತಿಲ್ಲೆ. ಎಣ್ಣೆನೀರು, ಲೇಹ್ಯ, ಬಾಣಂತಿ ಮದ್ದು ಎಂತಕ್ಕೂ ಕಡಿಮೆ ಮಾಡಿದ್ದಿಲ್ಲೆ. ದೃಷ್ಟಿ ತೆಗೆದ, ನೋಟ ಕೇಳ್ದ, ಜಾತಕ ತೋರಿಸ್ದ. ಒಬ್ಬ ಡಾಕ್ಟರು ನಿಶ್ಶಕ್ತಿ ಹೇಳಿ ಟಾನಿಕ್ ಕೊಟ್ಟ. ಗಂಡನ ಮನೆಯವು ಸೋಮಾರಿ ಹೇಳ್ದ. ನಾಲ್ಕನೇ ತಿಂಗಳಲ್ಲಿ ಒಂದು ರಾತ್ರೆ ಬಚ್ಚಲಿಗೆ ಎದ್ದ ಅಜ್ಜಿಯೊಬ್ಬರು ಬಾವಿಕಟ್ಟೆ ಮೇಲೆ ಅದು ಕೂತದ್ದನ್ನ ನೋಡಿ ಕೈ ಹಿಡಿದು ಒಳಗೆ ಕರಕಂಡು ಬಂದ. ಮರುದಿನವೇ ಘಟ್ಟದ ಮೇಲಿನ ದೊಡ್ಡ ಊರಿನ ಆಸ್ಪತ್ರೆಗೆ ಕರಕಂಡು ಹೋದ. ಆರು ತಿಂಗಳು ಗುಳಿಗೆ ತಗಂಡ್ಚು, ಗುಣ ಆತು. ಈಗ ಅದೇ ಮಗುವಿನ ಮಗುವನ್ನ ಮೀಯಿಸ್ತಾ ಇದ್ದು.

ನಾಲ್ಕು ತಿಂಗಳು ಮನೆ ತುಂಬಾ ಜನ ಇದ್ದಿದ್ದ. ಯಾರೂ ಅದರ ಹತ್ರ ನಿಂಗೆ ಎಂತ ಅನಸ್ತು ಕೂಸೆ ಹೇಳಿ ಕೇಳಿದ್ದಿಲ್ಲೆ. ಕೇಳವು ಹೇಳದೇ ಯಾರಿಗೂ ಗೊತ್ತಿತ್ತಿಲ್ಲೆ. ಅದೇ ಹೊತ್ತಿಗೆ, 1987ರಲ್ಲೇ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬಾಣಂತಿಯರ ಮನಸ್ಸು ತಿಳಿಯಲೆ ಹತ್ತು ಪ್ರಶ್ನೆಯ ಪಟ್ಟಿ ಮಾಡಿ ಆಗಿತ್ತು. ಐದು ನಿಮಿಷದ ಕೆಲ್ಸ. ಈಗ ಅದು ಕನ್ನಡಕ್ಕೂ ಬೈಂದು. ಅದರಲ್ಲೂ ಹೊಂದಸ ಕೆಲ್ಸ ಇದ್ದು. ಕೆಲ್ಸ ಎಲ್ಲಾ ತಲೆಮೇಲೆ ಬಿದ್ದಾಂಗೆ, ಸುಧಾರಿಸಲೆ ಆಗದಾಂಗೆ ಅನಸ್ತಾ ಹೇಳ ಅರ್ಥದ್ದು ಒಂದು ಪ್ರಶ್ನೆ. ನಮ್ಮಲ್ಲಿ ಬಾಣಂತಿಗೆ ಕೆಲ್ಸವೇ ಇಲ್ಲೆ, ಎಲ್ಲಾ ಆಯಿ ಮಾಡ್ತು. ಹಾಂಗಾಗಿ ಇಲ್ಲೆ ಹೇಳ್ತು. ಮನಸ್ಸಿನ ಒಳಗೆ ಮಾತ್ರ ಬ್ಯಾರೆಯೇ ಇರ್ತು. ಈ ಪ್ರಶ್ನೆಯನ್ನ ಹವಿಗನ್ನಡದಲ್ಲಿ ಹ್ಯಾಂಗೆ ಕೇಳವು ಹೇಳದು ಎಡಿನ್‌ಬರೋದವಕ್ಕೆ ಗೊತ್ತಿಲ್ಲೆ. ನಮ್ಮ ಕೂಸಿಗೆ ಗೊತ್ತಿದ್ದು, ನಂಗ ಸಹಾಯ ಮಾಡಿರೆ.

ಜರ್ಮನಿಲಿ ಹಡೆದ ಹೆಂಗಸಿನ ಮನೆಗೇ ಸೂಲಗಿತ್ತಿ ಬತ್ತು. ಓದಿ, ಪರೀಕ್ಷೆ ಪಾಸಾದ ಸೂಲಗಿತ್ತಿ. ಹನ್ನೆರಡು ವಾರದವರೆಗೆ ಬಪ್ಪಲೆ ವಿಮೆಯವೇ ದುಡ್ಡು ಕೊಡ್ತ. ಅದು ತಾಯಿ ಹತ್ರ ಹ್ಯಾಂಗೆ ಮಾತಾಡ್ತು, ಅಲ್ಲಿಯ ಮನಶ್ಶಾಸ್ತ್ರದವು ಅವರ ಜೊತೆ ಹ್ಯಾಂಗೆ ಕೆಲ್ಸ ಮಾಡ್ತ ಹೇಳದನ್ನ ಕಣ್ಣಾರೆ ನೋಡಿ ಬರವು ಹೇಳಿ ಕೂಸಿಗೆ ಆಸೆ. ನಮ್ಮಲ್ಲೂ ಆಶಾ ಕಾರ್ಯಕರ್ತೆ ಇದ್ದು. ಆಸ್ಪತ್ರೆಲಿ ಹೆರಿಗೆ ಆಗಿ ಬಂದ ಮೇಲೆ 42 ದಿನದೊಳಗೆ ಆರು ಸಲ ಮನೆಗೆ ಬರವು ಹೇಳಿ ಇದ್ದು. ಮಗುವಿನ ತೂಕ ನೋಡ್ತು, ಜ್ವರ ನೋಡ್ತು. ಅದೇ ಹೊತ್ತಲ್ಲಿ ತಾಯಿಗೂ ನಾಲ್ಕು ಮಾತು ನಮ್ಮ ಮಾತಲ್ಲೇ ಕೇಳಿರೆ ಎಂತ ಖರ್ಚಿದ್ದು? ಅನ್ವಯಿಕ ಹೇಳಿರೆ ಇದೇ ಅಲ್ದನಾ? ಅಲ್ಲಿ ನೋಡಿ, ಇಲ್ಲಿ ಹೊಂದಸದು.

ಈಗಿನ ಓದಿದ ಮಕ್ಕಳ ಮೇಲೆ ಯಂಗೆ ಒಂದು ತಕರಾರೂ ಇದ್ದು, ಅದನ್ನೂ ಹೇಳಿಬಿಡ್ತಿ. ನಾಲ್ಕು ಪುಸ್ತಕ ಓದಿಕಂಡು ಬಂದು ಅಜ್ಜಿಗೆ ಡಿಪ್ರೆಶನ್ನು, ಅಪ್ಪಂಗೆ ಆಂಕ್ಸೈಟಿ, ದೊಡ್ಡಾಯಿ ಟಾಕ್ಸಿಕ್ಕು ಹೇಳಿ ಹಣೆಗೆ ಚೀಟಿ ಅಂಟಿಸ್ತಾ ತಿರುಗಲಾಗ. ಊಟಕ್ಕೆ ಕೂತಾಗ ಮತ್ತೊಂದು ಸೌಟು ಪಾಯಸ ಬಡಸಲೆ ಹೋದ್ರೆ "ಯನ್ನ ಬೌಂಡರಿ" ಹೇಳ್ತ! ನಮ್ಮಲ್ಲಿ ಬೇಲಿ ಕಟ್ಟದು ದನ ಬಾರದಾಂಗೆ. ತಮ್ಮನ ಮಗಳಿಗೆ ಇದನ್ನ ಹೇಳಿದ್ದಿ, ಅದು ರಾಶಿ ನೆಗೆಯಾಡ್ಚು. ಎರಡು ದಿನ ಕಳೆದು, ಬೌಂಡರಿ ಹೇಳ ಶಬ್ದ ನಿಜವಾಗಿಯೂ ಬೇಕಾದ ಜಾಗವೂ ಇದ್ದು ಅತ್ತೆ ಹೇಳ್ಚು. ಇಕ್ಕು.

ಗಂಡು ಸಿಕ್ಕವಾ ಹೇಳಿ ಕೇಳಿದವಕ್ಕೆ ಆನು ಹೇಳದು ಇಷ್ಟೇ. ನಮ್ಮ ಬದಿಲಿ ಈಗ ಹುಡುಕ್ತಾ ಇಪ್ಪದು ಗಂಡಿನ ಮನೆಯವು, ಕೂಸಿನ ಮನೆಯವಲ್ಲ.

ವಾಪಸ್ ಬಂದ ಕೂಡ್ಲೆ ಬೋರ್ಡು ಹಾಕಿ ಕೂರ್ತು ಹೇಳಿಯೂ ತಿಳಿಯಡಿ. ಒಂದು ಸೆಮಿಸ್ಟರ್ ಹೊರದೇಶ ನೋಡಿಕಂಡು ಬಂದವು, ಬರೀ ಎಂ.ಎಸ್ಸಿ. ಆದವು, ಕ್ಲಿನಿಕಲ್ ಸೈಕಾಲಜಿಸ್ಟ್ ಹೇಳಿ ಹಾಕ್ಯಂಬಲೆ ಕಾನೂನಲ್ಲಿ ಇಲ್ಲೆ. ಅದಕ್ಕೆ ಬೇರೆ ತರಬೇತಿ ಮಾಡಿ, 1992ರ ಕಾಯ್ದೆ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸವು. ಬೆಂಗಳೂರಿನ ಆಸ್ಪತ್ರೆಲಿ, ಈಗ ನಿಮ್ಹಾನ್ಸ್ ಹೇಳ್ತ, ಈ ತರಬೇತಿ 1955ರಿಂದ ನಡೀತಾ ಬೈಂದು. ನಮ್ಮ ಕೂಸಿಗೂ ಮುಂದೆ ಅಲ್ಲಿಗೋ ಧಾರವಾಡಕ್ಕೋ ಸೇರವು ಹೇಳಿ ಇದ್ದು. ಎಷ್ಟು ಬೇಕೋ ಅಷ್ಟು ಓದಲಿ. ಅಲ್ಲೀವರೆಗೆ ಯಾರ ಮನೇಲಾದ್ರೂ ಈಗಲೇ ತಾಪತ್ರಯ ಇದ್ರೆ ಅದರ ದಾರಿ ಕಾಯಡಿ. ತಾಲ್ಲೂಕು ಆಸ್ಪತ್ರೆಲಿ ಕೇಳಿ, ಮನೋಚೈತನ್ಯ ಹೇಳ ಯೋಜನೆಲಿ ಮಂಗಳವಾರ ಮನೋವೈದ್ಯರು ಬಪ್ಪ ಏರ್ಪಾಡು ಇದ್ದು. 14416ಕ್ಕೆ ಫೋನ್ ಮಾಡಿರೆ ಕನ್ನಡದಲ್ಲೇ ಮಾತಾಡ್ತ, ದುಡ್ಡಿಲ್ಲೆ, ಹಗಲು ರಾತ್ರೆ ಇದ್ದು. ಹೆಸರು ಹೇಳದೇ ಇದ್ರೂ ಅಕ್ಕು.

ತಮ್ಮ ದುಡ್ಡಿನ ವ್ಯವಸ್ಥೆ ಮಾಡ್ತಾ ಇದ್ದ. ಆನು ಹಪ್ಪಳ ಮಾರಿ ಕೂಡಿಟ್ಟದ್ದರಲ್ಲಿ ಕೋಟಿಗೆ ಹೇಳಿ ಕೊಟ್ಟಿದ್ದಿ, ಆಯಿ ತನ್ನ ಪೆನ್ಶನ್ನಿನ ಒಂದು ತಿಂಗಳಿಂದು ಕೊಟ್ಟಿದ್ದು. ಕೊಡಕಾದ್ರೆ "ಮನಸ್ಸು ಅಲ್ಲಿ ಹ್ಯಾಂಗೆ ಇದ್ದು ಹೇಳಿ ನೋಡ್ಕಂಡು ಬಾ" ಹೇಳಿದ್ದಡ. ದುಡ್ಡನ್ನ ನಿಂಗಳ ಹತ್ರ ಕೇಳ್ತ್ನಿಲ್ಲೆ. ಕೇಳದು ಬೇರೆ. ಚೌತಿ ಮುಗಿದ ಮರುದಿನ ಕೂಸು ನಮ್ಮನೆಗೆ ಬತ್ತು, ಎಂಟು ದಿನ ಇರ್ತು. ಬಾಣಂತಿಯರಿಗೆ ಕೇಳ ಹತ್ತು ಪ್ರಶ್ನೆಯನ್ನ ನಮ್ಮ ಮಾತಿಗೆ ಸರಿಯಾಗಿ ತಿರುಗಿಸಿ, ಜರ್ಮನಿಗೆ ಹೋಪ ಮುಂಚೆ ಬರದು ಮುಗಿಸವು ಹೇಳಿ ಇದ್ದು. ಸೊಸೆ, ಮಗಳ ಬಾಣಂತನ ಮಾಡಿದವು, ತಮ್ಮ ಬಾಣಂತನ ನೆನಪಿಪ್ಪವು, ಮಧ್ಯಾಹ್ನ ಮೂರು ಗಂಟೆ ಮೇಲೆ ಬನ್ನಿ. ಕುರ್ಚಿ ಹಾಕ್ತ್ನಿಲ್ಲೆ. ಮೊಗೆಕಾಯಿ ಬೀಜ ಸುಲಿಯದು ರಾಶಿ ಇದ್ದು, ಅದನ್ನ ಮಾಡ್ತಾ ಮಾತಾಡನ.